ಅಪ್ಪನ ರೇಜರ್: ತಿಕ್ಕುವ ಮುನ್ನ

ಹಿರಿಯರ ಪೆಟ್ಟಿಗೆಯನ್ನು ತೆರೆದಾಗ ಕನ್ನಡಕ, ಫೌಂಟನ್ ಪೆನ್ನುಗಳ ನಡುವೆ ಹಳೆಯ ಸೇಫ್ಟಿ ರೇಜರೊಂದು ಸಿಗುವುದುಂಟು. ಗುಜರಿಯವನ ತಕ್ಕಡಿಯಲ್ಲಿ ಅದಕ್ಕೆ ಬೆಲೆಯಿಲ್ಲ. ಆದರೆ ಮನೆಯ ಹಿರಿಯರೊಬ್ಬರು ದಶಕಗಳ ಕಾಲ ಪ್ರತಿ ಮುಂಜಾನೆ ಕೈಯಲ್ಲಿ ಹಿಡಿದ ವಸ್ತು ಅದು. ಇಂತಹ ರೇಜರುಗಳನ್ನು ಸಂಗ್ರಹಿಸಿ, ಶುಚಿಗೊಳಿಸಿ, ಮತ್ತೆ ಬಳಕೆಗೆ ತರುವ ಹವ್ಯಾಸ ಇಂದು ಹಲವು ದೇಶಗಳಲ್ಲಿದೆ.

ಮೊಂಡಾದೊಡನೆ ಎಸೆಯಬಹುದಾದ ತೆಳು ಬ್ಲೇಡಿನ ರೇಜರಿಗೆ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದರು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಅದನ್ನು ಹಂಚಿದ ಮೇಲೆ ತಾವೇ ಮುಖಕ್ಷೌರ ಮಾಡಿಕೊಳ್ಳುವ ರೂಢಿ ಇನ್ನಷ್ಟು ಹರಡಿತು. ಹಳೆಯ ರೇಜರುಗಳ ಒಡಲು ಬಹುಪಾಲು ಹಿತ್ತಾಳೆ. ಮೇಲೆ ನಿಕ್ಕಲ್, ಬೆಳ್ಳಿ ಅಥವಾ ಚಿನ್ನದ ತೆಳು ಲೇಪನ. 1951ರಿಂದ ಅಮೆರಿಕದಲ್ಲಿ ತಯಾರಾದ ಹಲವು ಜಿಲೆಟ್ ರೇಜರುಗಳ ಮೇಲೆ ಒಂದು ಇಂಗ್ಲಿಷ್ ಅಕ್ಷರವೂ ಒಂದು ಅಂಕಿಯೂ ಇರುತ್ತವೆ. ಅಕ್ಷರವು ವರ್ಷವನ್ನು, ಅಂಕಿಯು ತ್ರೈಮಾಸಿಕವನ್ನು ಸೂಚಿಸುತ್ತದೆ. ‘ಎ 1’ ಎಂದರೆ 1955ರ ಮೊದಲ ಮೂರು ತಿಂಗಳು.

ಲೇಪನವಿದೆಯೆಂಬುದನ್ನು ಮರೆತರೆ ಏನಾಗುವುದೆಂಬುದಕ್ಕೆ ನಾನೇ ಸಾಕ್ಷಿ. ದೇವರ ಮನೆಯ ಹಿತ್ತಾಳೆ ದೀಪಗಳಂತೆಯೇ ತಂದೆಯವರ ರೇಜರನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಕಪ್ಪೇನೋ ಹೋಯಿತು, ಅದರೊಡನೆ ಮೊದಲೇ ಸವೆದಿದ್ದ ನಿಕ್ಕಲ್ ಕೂಡ ಹೋಯಿತು. ಹಿಂದೆ ಅವರ ಹೆಬ್ಬೆರಳು ಊರಿದ ಕಡೆಯಲ್ಲಿ ಮಾತ್ರ ಹಿತ್ತಾಳೆಯ ಹಳದಿ ಕಾಣುತ್ತಿತ್ತು. ಈಗ ಹಿಡಿಯೆಲ್ಲ ಹಳದಿ. ಆ ಗುರುತು ಎಲ್ಲಿತ್ತೆಂದು ಮಕ್ಕಳಿಗೆ ತೋರಿಸಲಾರೆ.

ನಮ್ಮ ಎರಡು ಊರುಗಳಲ್ಲಿ ತೊಂದರೆ ಬೇರೆ ಬೇರೆ. ವಿಶಾಖಪಟ್ಟಣದ ಉಪ್ಪಿನಂಶದ ಕಡಲಗಾಳಿಗೆ, ಲೇಪನ ಸವೆದ ಕಡೆ ಹಿತ್ತಾಳೆಯು ಹಸಿರು ಕಿಲುಬು ಕಟ್ಟುತ್ತದೆ. ವಿಜಯವಾಡದಲ್ಲಿ ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ತಿರುಪಿನ ಸಂದುಗಳಲ್ಲಿ ಬಿಳಿಯ ಸುಣ್ಣ ಕೂರುತ್ತದೆ.

ಶುಚಿಗೊಳಿಸುವಾಗ ಮೊದಲು ಒಳಗಿನ ಹಳೆಯ ಬ್ಲೇಡನ್ನು ಎಚ್ಚರಿಕೆಯಿಂದ ತೆಗೆದು, ದಪ್ಪ ಕಾಗದದಲ್ಲಿ ಸುತ್ತಿ ವಿಲೇವಾರಿ ಮಾಡಬೇಕು. ತಿರುಪು ಬಿಗಿದಿದ್ದರೆ ಇಕ್ಕಳ ಹಾಕದೆ, ಒಂದೆರಡು ಹನಿ ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೆಯೇ ಇಡುವುದು ಲೇಸು. ಬೆಚ್ಚನೆಯ ನೀರು, ಪಾತ್ರೆ ತೊಳೆಯುವ ದ್ರವ, ಹಳೆಯ ಮೃದುವಾದ ಟೂತ್‌ಬ್ರಷ್. ಬಹುತೇಕ ಕೊಳೆಗೆ ಇಷ್ಟೇ ಸಾಕು. ಉಳಿದ ಸುಣ್ಣವನ್ನು ನೀರು ಬೆರೆಸಿದ ವಿನೆಗರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಕೂಡಲೇ ತೊಳೆಯಬೇಕು. ಸತುವಿನ ಮಿಶ್ರಲೋಹ ಅಥವಾ ಅಲ್ಯುಮಿನಿಯಂ ರೇಜರುಗಳಿಗೆ ಹುಳಿ ಸೋಕಿಸಬಾರದು. ಕೊನೆಗೆ ತೇವ ಉಳಿಯದಂತೆ ಒಣಗಿಸಬೇಕು.

ಹೊಸ ಬ್ಲೇಡು ಹಾಕಿದಾಗ ಅದರ ಅಂಚು ಎರಡೂ ಬದಿಗಳಲ್ಲಿ ಸಮನಾಗಿ ಕಂಡರೆ ಮಾತ್ರ ರೇಜರನ್ನು ಬಳಸಬಹುದು. ಹೊಸ ಲೇಪನವನ್ನೂ ಕೊಡಿಸಬಹುದು. ಆದರೆ ಅದಕ್ಕೆ ಮುನ್ನ ಲೋಹವನ್ನು ಉಜ್ಜಿ ನಯಗೊಳಿಸುವುದರಿಂದ ಹಳೆಯ ಅಕ್ಷರ, ಅಂಕಿಗಳು ಮಾಸುವ ಸಂಭವವಿದೆ.

ರೇಜರಿನ ಡಬ್ಬಿ, ಬ್ಲೇಡಿನ ಹೊದಿಕೆ ಕಾಗದ ಉಳಿದಿದ್ದರೆ ಅವನ್ನೂ ಜೊತೆಯಲ್ಲಿಡಿ. ಅದು ಯಾರದು, ಯಾವ ಊರಿನಲ್ಲಿ ಕೊಂಡದ್ದು ಎಂಬುದನ್ನು ಹಿರಿಯರಿರುವಾಗಲೇ ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ನಾನು ತಂದೆಯವರನ್ನು ಕೇಳಲೇ ಇಲ್ಲ.