ಮೊದಲು ತಾಳಿಯೋ, ಮೊದಲು ಕಾಗದವೋ?

ಗುತ್ತೂರು, ಹರಿಹರದ ಸೀಮೆಗೆ ಹೊಳೆಯಾಚೆಯಿಂದ ಹೆಣ್ಣು ತರುವುದು ಹೊಸ ಸಂಗತಿಯಲ್ಲ. 1947ರವರೆಗೆ ಆ ತುಂಗಭದ್ರೆ ಬರಿಯ ಹೊಳೆಯೂ ಆಗಿರಲಿಲ್ಲ. ಈಚೆ ದಡದ ಹರಿಹರ ಮೈಸೂರು ಸಂಸ್ಥಾನಕ್ಕೆ ಸೇರಿದ್ದರೆ, ಆಚೆ ದಡದ ರಾಣೇಬೆನ್ನೂರು ಬ್ರಿಟಿಷರ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ದೊರೆ ಬೇರೆ, ಕಾಯ್ದೆ ಬೇರೆ, ಕಚೇರಿ ಬೇರೆ. ಆದರೂ ದಿಬ್ಬಣ ಹೊಳೆ ದಾಟುವಾಗ ಮದುಮಗಳ ರಹದಾರಿ ಎಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ. 1956ರ ನವೆಂಬರ್ 1ರಂದು ಎರಡೂ ದಡಗಳು ಒಂದೇ ರಾಜ್ಯದೊಳಗೆ ಬಂದ ಮೇಲೆ ಆ ಗಡಿಯ ನೆನಪೂ ಮಾಸಿತು.

ಇಂದು ಸಂಬಂಧಗಳು ದಾಟುತ್ತಿರುವ ಹೊಳೆ ಬಹಳ ಅಗಲವಾದುದು. 1951ರಲ್ಲಿ ಯು.ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ದಾವಣಗೆರೆಗೆ ಬಂದವು. ಹಾಗೆ ಓದಿದವರಲ್ಲಿ ಎಷ್ಟೋ ಮಂದಿ ಹೊರದೇಶ ಸೇರಿದರು. ಕೆಲವರು ಅಲ್ಲಿಯೇ ಸಂಗಾತಿಯನ್ನೂ ಕಂಡುಕೊಂಡರು. ಜರ್ಮನಿಯಲ್ಲಿ ಓದುವ ಗುತ್ತೂರಿನ ಹುಡುಗನೊಬ್ಬ ಅಲ್ಲಿಯ ಹುಡುಗಿಯನ್ನು ಮೆಚ್ಚಿದ ಎಂದುಕೊಳ್ಳೋಣ. ಮನೆಯವರು ಒಪ್ಪಿದ್ದಾರೆ, ಮಂಟಪದ ವಿಚಾರಣೆಯೂ ನಡೆದಿದೆ. ಆಗ ನೆಂಟರಲ್ಲಿ ತಿಳಿದವರು ಎನಿಸಿಕೊಂಡವರು ಹೇಳುವುದು ಒಂದೇ ಮಾತು: ‘ಸದ್ಯಕ್ಕೆ ಪ್ರವಾಸಿ ವೀಸಾದಲ್ಲಿ ಬರಲಿ, ಆಮೇಲೆ ನೋಡಿಕೊಳ್ಳೋಣ.’ ತೊಡಕು ಹುಟ್ಟುವುದೇ ಆ ‘ಆಮೇಲೆ’ ಎಂಬ ಪದದಲ್ಲಿ. ವೀಸಾ ಕಾನೂನು ಪ್ರೀತಿ ಎಷ್ಟೆಂದು ಕೇಳುವುದಿಲ್ಲ. ಯಾವುದು ಮೊದಲು ಆಯಿತು, ಯಾವ ಕಾಯ್ದೆಯಲ್ಲಿ ಆಯಿತು, ಯಾವ ತಾರೀಖಿಗೆ ಆಯಿತು ಎಂದು ಕೇಳುತ್ತದೆ.

ಈ ಕಾನೂನಿಗೂ ಒಂದು ಚರಿತ್ರೆಯಿದೆ, ಮತ್ತು ಅದು ನಮ್ಮ ಮನೆಮಾತಿಗೆ ತೀರ ಹತ್ತಿರದ್ದು. ‘ಹೆಣ್ಣು ಕೊಡುವುದು, ಹೆಣ್ಣು ತರುವುದು’ ಎಂಬ ಲೆಕ್ಕದಲ್ಲಿಯೇ ಜಗತ್ತಿನ ಸರಕಾರಗಳೂ ಬಹುಕಾಲ ಯೋಚಿಸಿದವು. ಅಮೆರಿಕದ 1907ರ ಕಾಯ್ದೆಯಂತೆ ವಿದೇಶಿಯನನ್ನು ವರಿಸಿದ ಅಮೆರಿಕದ ಹೆಂಗಸು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. 1922ರಲ್ಲಿ ಅದು ಸಡಿಲವಾಯಿತಾದರೂ, ಪೌರತ್ವಕ್ಕೆ ಅರ್ಹರಲ್ಲದ ಜನಾಂಗದವರನ್ನು ಮದುವೆಯಾದವಳಿಗೆ ಆ ಸಡಿಲಿಕೆ ಸಿಗಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರೂ ಅರ್ಹರಲ್ಲವೆಂದು ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಹೀಗೆ ಭಾರತೀಯನ ಕೈಹಿಡಿದ ಅಮೆರಿಕದವಳು ತಾನು ಹುಟ್ಟಿದ ಊರಿನಲ್ಲಿಯೇ ಪರದೇಶಿಯಾದಳು. 1931ರವರೆಗೆ ಇದೇ ಪಾಡು.

ನಮ್ಮ 1955ರ ಪೌರತ್ವ ಕಾಯ್ದೆಯೂ ಈ ದೃಷ್ಟಿಯಿಂದ ಹೊರತಾಗಿರಲಿಲ್ಲ. ವಿವಾಹದ ಮೂಲಕ ನೋಂದಣಿಯಾಗುವ ಅವಕಾಶ ಅದರ 5ನೇ ಕಲಮಿನಲ್ಲಿ ಇದ್ದುದು ಭಾರತೀಯರನ್ನು ಮದುವೆಯಾದ ‘ಸ್ತ್ರೀಯರಿಗೆ’ ಮಾತ್ರ. ವಿದೇಶಿ ಸೊಸೆ ಕಾನೂನಿಗೆ ಗೊತ್ತಿತ್ತು; ವಿದೇಶಿ ಅಳಿಯ ಗೊತ್ತಿರಲಿಲ್ಲ. 1986ರ ತಿದ್ದುಪಡಿಯಲ್ಲಿ ‘ಸ್ತ್ರೀಯರು’ ಹೋಗಿ ‘ವ್ಯಕ್ತಿಗಳು’ ಬಂದರು. ಮಕ್ಕಳ ವಿಷಯದಲ್ಲಿಯೂ ಅಷ್ಟೇ. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಾಯಿಯ ಕಡೆಯಿಂದ ಭಾರತದ ಪೌರತ್ವ ಬರುವಂತಾದದ್ದು 1992ರ ಡಿಸೆಂಬರ್ 10ರಿಂದ ಈಚೆಗೆ. ಅಲ್ಲಿಯವರೆಗೆ ತಂದೆಯೊಬ್ಬನೇ ಲೆಕ್ಕಕ್ಕೆ.

ಇನ್ನು ಗುತ್ತೂರಿನ ಹುಡುಗನ ವಿಷಯ. ಮೊದಲ ಪ್ರಶ್ನೆ ಯಾವ ವೀಸಾ ಎಂಬುದಲ್ಲ, ಯಾವ ಮದುವೆ ಎಂಬುದು. ಹರಿಹರೇಶ್ವರನ ಸನ್ನಿಧಿಯಲ್ಲಿ ಶಾಸ್ತ್ರೋಕ್ತವಾಗಿ ತಾಳಿ ಕಟ್ಟಿದರೂ, ವಧು ಕ್ರೈಸ್ತಳಾಗಿಯೇ ಉಳಿದಿದ್ದರೆ 1955ರ ಹಿಂದೂ ವಿವಾಹ ಕಾಯ್ದೆ ಆ ಮದುವೆಗೆ ಅನ್ವಯಿಸುವುದಿಲ್ಲ. ಅದಕ್ಕೆ ಇಬ್ಬರೂ ಹಿಂದೂಗಳಾಗಿರಬೇಕು. ಧರ್ಮ ಬದಲಿಸದೆ ಮದುವೆಯಾಗಲು ಇರುವ ನೇರ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಇಲ್ಲಿ ದಿನಗಳ ಲೆಕ್ಕ ಬಿಗಿ. ವಧೂವರರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು. ನೋಟೀಸು ಕೊಟ್ಟ ಮೇಲೆ ಆಕ್ಷೇಪಣೆಗಾಗಿ ಮತ್ತೆ 30 ದಿನ ಕಾಯಬೇಕು. ನೋಟೀಸು ಕೊಟ್ಟು ಮೂರು ತಿಂಗಳಾಗುವುದರೊಳಗೆ ಮದುವೆ ಮುಗಿಯಬೇಕು. ಮಂಟಪದ ಮದುವೆ ಮೊದಲು ಮಾಡಿ ಆಮೇಲೆ ಇದೇ ಕಾಯ್ದೆಯಡಿ ನೋಂದಾಯಿಸುವುದಾದರೆ, ಅರ್ಜಿಗೆ ಮುಂಚಿನ 30 ದಿನ ಇಬ್ಬರೂ ಜಿಲ್ಲೆಯಲ್ಲಿ ಇದ್ದಿರಬೇಕು. ಹದಿನೈದು ದಿನದ ರಜೆಯಲ್ಲಿ ಬಂದು ತಾಳಿ, ಆರತಕ್ಷತೆ, ಸರ್ಟಿಫಿಕೇಟು ಎಲ್ಲವನ್ನೂ ಮುಗಿಸಿಕೊಂಡು ಹೋಗುತ್ತೇವೆನ್ನುವವರು ಎಡವುವುದು ಇಲ್ಲಿಯೇ. ಅಂಥವರಿಗೆ 1969ರ ವಿದೇಶಿ ವಿವಾಹ ಕಾಯ್ದೆಯಿದೆ. ವಧೂವರರಲ್ಲಿ ಒಬ್ಬರು ಭಾರತೀಯರಾಗಿದ್ದರೆ, ಹೊರದೇಶದಲ್ಲಿಯೇ ಭಾರತದ ರಾಯಭಾರ ಕಚೇರಿಯ ವಿವಾಹ ಅಧಿಕಾರಿಯ ಮುಂದೆ ಮದುವೆಯಾಗಬಹುದು. ಊಟ, ಓಲಗ ಆಮೇಲೆ ಗುತ್ತೂರಿನಲ್ಲಿ ಆಗಲಿ, ಯಾರ ಅಡ್ಡಿಯೂ ಇಲ್ಲ.

ಮದುವೆಯ ಪ್ರಮಾಣಪತ್ರ ಕೈಗೆ ಬಂದ ಮೇಲೆ ಭಾರತೀಯರ ಪತಿ ಅಥವಾ ಪತ್ನಿಗೆ ಸಲ್ಲುವುದು ‘ಎಂಟ್ರಿ’ ವೀಸಾ. ಕಚೇರಿಗಳ ಭಾಷೆಯಲ್ಲಿ ‘ಎಕ್ಸ್’ ವೀಸಾ. ಪ್ರವಾಸಿಯಾಗಿ ಬಂದು ಇಲ್ಲಿ ಮದುವೆಯಾದವರು ಅದನ್ನು ‘ಎಕ್ಸ್’ ಆಗಿ ಬದಲಿಸಿಕೊಳ್ಳಲೂ ಅವಕಾಶವುಂಟು. ಆದರೆ ನೋಂದಾಯಿತ ವಿವಾಹದ ಪತ್ರ ಬೇಕು; ದಂಪತಿ ಕೂಡಿ ಬಾಳುತ್ತಿದ್ದಾರೆಂಬ ವರದಿಯೂ ಆಗಬೇಕು. ಹುಡುಗಿ ನೋಡಲು ಬರುವ ಬೀಗರಿಗಿಂತ ಹೆಚ್ಚಿನ ವಿಚಾರಣೆಯೇ ಅದು. 180 ದಿನ ಮೀರಿದ ವೀಸಾದಲ್ಲಿ ಬಂದವರು 14 ದಿನಗಳೊಳಗೆ ವಿದೇಶೀಯರ ನೋಂದಣಿ ಅಧಿಕಾರಿಯಲ್ಲಿ ಹೆಸರು ಬರೆಸಬೇಕು. 2018ರಿಂದ ಇದಕ್ಕೆಲ್ಲ ಕಂಪ್ಯೂಟರ್ ಮೂಲಕವೇ ಅರ್ಜಿ ಹಾಕಬಹುದು. 1920, 1939, 1946ರ ಹಳೆಯ ಕಾಯ್ದೆಗಳು ಹೋಗಿ, 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶೀಯರ ಕಾಯ್ದೆ ಜಾರಿಗೆ ಬಂದಿದೆ.

ಮುಂದಿನ ಮೆಟ್ಟಿಲು ಓ.ಸಿ.ಐ. ಕಾರ್ಡು, ಅಂದರೆ ಸಾಗರೋತ್ತರ ಭಾರತೀಯ ನಾಗರಿಕರ ಚೀಟಿ. ಹೆಸರಿನಲ್ಲಿ ‘ನಾಗರಿಕ’ ಎಂದಿದ್ದರೂ ಇದು ಪೌರತ್ವವಲ್ಲ. ಮತವಿಲ್ಲ, ಗದ್ದೆ ತೋಟ ಕೊಳ್ಳುವಂತಿಲ್ಲ. ಹೊಲವನ್ನು ಸೊಸೆಯ ಹೆಸರಿಗೆ ಮಾಡಿಸಬೇಕೆನ್ನುವ ಮಾವಂದಿರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಆದರೆ ವೀಸಾದ ಗೊಡವೆ ಜೀವಮಾನಕ್ಕೆ ತಪ್ಪುತ್ತದೆ. ಸಂಗಾತಿಗೆ ಇದು ಸಿಗಬೇಕಾದರೆ ಮದುವೆ ನೋಂದಣಿಯಾಗಿರಬೇಕು ಮತ್ತು ಅರ್ಜಿಯ ಹೊತ್ತಿಗೆ ಕನಿಷ್ಠ ಎರಡು ವರ್ಷ ಎಡೆಬಿಡದೆ ಬಾಳಿರಬೇಕು. ವಿಚ್ಛೇದನವಾದರೆ ಕಾರ್ಡನ್ನು ರದ್ದುಪಡಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಇಲ್ಲಿಯೇ ಇಪ್ಪತ್ತು ವರ್ಷ ಬಾಳಿ, ಕನ್ನಡ ಕಲಿತು, ಮಕ್ಕಳನ್ನು ಶಾಲೆಗೆ ಹಾಕಿದವಳ ನೆಲೆ ಕೂಡ ಗಂಡನೊಡನೆ ಮುರಿದ ದಿನ ಅಲುಗಾಡುತ್ತದೆ. ಪೂರ್ಣ ಪೌರತ್ವ ಬೇಕೆನ್ನುವವರು ಏಳು ವರ್ಷದ ವಾಸ ತೋರಿಸಬೇಕು, ತಮ್ಮ ದೇಶದ ಪೌರತ್ವ ಬಿಡಬೇಕು. ಎರಡು ದೇಶಗಳ ಪೌರತ್ವವನ್ನು ಭಾರತ ಒಪ್ಪುವುದಿಲ್ಲ.

ತಾನೇ ಆಗಲಿ, ತಂದೆತಾಯಿ, ಅಜ್ಜ, ಮುತ್ತಜ್ಜನೇ ಆಗಲಿ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದವರಿಗೆ ಓ.ಸಿ.ಐ. ಬಾಗಿಲು ಮುಚ್ಚಿದೆ. ಕರಾಚಿಯೊಡನೆ ಹಳೆಯ ನೆಂಟಸ್ತನವಿರುವ ಭಟ್ಕಳದಂಥ ಊರುಗಳಲ್ಲಿ ಇದರ ಬಿಸಿ ಗೊತ್ತು. 2025ರ ಏಪ್ರಿಲಿನಲ್ಲಿ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನೀಯರ ಅಲ್ಪಾವಧಿ ವೀಸಾಗಳು ರದ್ದಾದಾಗ, ಉಳಿಯುವವರು ಯಾರು, ಹೊರಡುವವರು ಯಾರು ಎಂಬುದು ಕೈಯಲ್ಲಿದ್ದ ಕಾಗದ ದೀರ್ಘಾವಧಿಯದೋ ಅಲ್ಲವೋ ಎಂಬುದರ ಮೇಲೆ ನಿಂತಿತು.

ಈಗ ಚಿತ್ರವನ್ನು ತಿರುಗಿಸಿ ನೋಡಬೇಕು. ಅಮೆರಿಕದ ಕಣ್ಣಿಗೆ ದಾವಣಗೆರೆಯ ಹುಡುಗಿಯೇ ವಿದೇಶಿ. ಅಲ್ಲಿರುವ ವರ ಮೂರು ಸ್ಥಿತಿಗಳಲ್ಲಿ ಒಂದರಲ್ಲಿರುತ್ತಾನೆ. ‘ಎಚ್-1ಬಿ’ ನೌಕರನಾದರೆ ಹೆಂಡತಿಗೆ ‘ಎಚ್-4’ ವೀಸಾ. ಅದಕ್ಕೆ ವರ್ಷಕ್ಕೆ ಇಂತಿಷ್ಟೇ ಎಂಬ ಮಿತಿಯಿಲ್ಲ. ಆದರೆ ಕೆಲಸ ಮಾಡುವಂತಿಲ್ಲ. 2015ರಿಂದ, ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದ್ದರೆ ಮಾತ್ರ ಅವಳಿಗೆ ಕೆಲಸದ ಪರವಾನಗಿ. ವರ ಅಮೆರಿಕದ ಪ್ರಜೆಯೇ ಆಗಿದ್ದರೂ ಸಂಖ್ಯೆಯ ಮಿತಿಯಿಲ್ಲ. ಕಷ್ಟವಿರುವುದು ನಡುವಿನವನಿಗೆ, ಗ್ರೀನ್ ಕಾರ್ಡ್ ಹೊಂದಿದವನಿಗೆ. ಅವನ ಹೆಂಡತಿ ವರ್ಷಕ್ಕೆ ಇಂತಿಷ್ಟೇ ಎಂಬ ಸಾಲಿನಲ್ಲಿ ನಿಲ್ಲಬೇಕು. ಈ ಕಾಯುವಿಕೆ ಎಷ್ಟು ಬೆಳೆಯಿತೆಂದರೆ 2000ದಲ್ಲಿ ಅಮೆರಿಕ ‘ವಿ’ ಎಂಬ ಹೊಸ ವೀಸಾವನ್ನೇ, ಹಾಗೆ ಕಾಯುತ್ತಿದ್ದವರಿಗಾಗಿ ಹುಟ್ಟಿಸಬೇಕಾಯಿತು.

ಇಲ್ಲಿ ತಾರೀಖಿನ ಮಹಿಮೆ ನೋಡಿ. ನೌಕರಿಯ ಮೇಲೆ ಗ್ರೀನ್ ಕಾರ್ಡ್ ಪಡೆಯುವವನು ಅದು ಕೈಸೇರುವ ಮುನ್ನವೇ ಮದುವೆಯಾಗಿದ್ದರೆ ಹೆಂಡತಿಗೆ ಅದೇ ಅರ್ಜಿಯ ಬೆನ್ನಲ್ಲಿ ಬರುವ ಹಕ್ಕಿದೆ. ಕಾರ್ಡ್ ಬಂದ ಮರುದಿನ ತಾಳಿ ಕಟ್ಟಿದರೆ ಆ ಹಕ್ಕಿಲ್ಲ, ಹೊಸ ಸಾಲು. ಅವನು ‘ಎಚ್-1ಬಿ’ಯಲ್ಲಿ ಉಳಿದಿಲ್ಲವಾದ್ದರಿಂದ ‘ಎಚ್-4’ ಕೂಡ ಇಲ್ಲ. ‘ಕಾರ್ಡ್ ಬರಲಿ, ಆಮೇಲೆ ಮದುವೆ’ ಎಂದು ಹಿರಿಯರು ಜಾಣತನದಿಂದ ಕಾಯಿಸಿದ ಎಷ್ಟೋ ಜೋಡಿಗಳಿಗೆ ಆ ಜಾಣತನವೇ ಮುಳುವಾಗಬಲ್ಲದು. ಅಮೆರಿಕದ ಪ್ರಜೆಗೆ ‘ಕೆ-1’ ಎಂಬ ನಿಶ್ಚಿತಾರ್ಥದ ವೀಸಾ ಉಂಟು. ವಧು ಅಲ್ಲಿಗೆ ಹೋಗಿ 90 ದಿನಗಳೊಳಗೆ ಮದುವೆಯಾಗಬೇಕು. ಊರಲ್ಲಿ ಮದುವೆ ಮುಗಿಸಿಬಿಟ್ಟರೆ ಅವಳು ನಿಶ್ಚಿತ ವಧುವಲ್ಲ, ಹೆಂಡತಿ; ಆ ದಾರಿ ಮುಚ್ಚಿತು. ಅರ್ಜಿಗೆ ಮುಂಚಿನ ಎರಡು ವರ್ಷದೊಳಗೆ ಇಬ್ಬರೂ ಮುಖಾಮುಖಿ ಭೇಟಿಯಾಗಿರಬೇಕೆಂಬ ನಿಯಮವೂ ಇದೆ. ಮದುವೆಗೆ ಮುಂಚೆ ವಧೂವರರ ಭೇಟಿಯನ್ನೇ ಕಟ್ಟುನಿಟ್ಟಾಗಿ ತಡೆಯುವ ಸಂಪ್ರದಾಯವಿದ್ದರೆ ವಿನಾಯಿತಿ ಕೇಳಬಹುದು. ಅಷ್ಟರ ಮಟ್ಟಿಗೆ ಅಮೆರಿಕವೂ ನಮ್ಮಂಥವರ ಹಿರಿಯರನ್ನು ಗೌರವಿಸಿದೆ.

ಬ್ರಿಟನ್ನಿನದು ಇನ್ನೊಂದು ರೀತಿ. ಗಂಡಸರು ಹೆಂಡತಿಯನ್ನು ಕರೆತರುವಷ್ಟು ಸುಲಭವಾಗಿ ಹೆಂಗಸರು ಗಂಡನನ್ನು ಕರೆತರಲಾಗದಿದ್ದುದು ತಾರತಮ್ಯವೆಂದು 1985ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿತು. ಬ್ರಿಟನ್ ಸಮಾನತೆ ತಂದದ್ದು ಹೆಂಗಸರಿಗೆ ಬಾಗಿಲು ತೆರೆದಲ್ಲ, ಗಂಡಸರಿಗೂ ಬಿಗಿಮಾಡಿ. ಈಗ ಅಲ್ಲಿ ಅಳತೆಗೋಲು ಹಣ: 2024ರ ಏಪ್ರಿಲಿನಿಂದ ಹೊಸದಾಗಿ ಸಂಗಾತಿಯನ್ನು ಕರೆತರುವವರು ವರ್ಷಕ್ಕೆ 29,000 ಪೌಂಡ್ ವರಮಾನ ತೋರಿಸಬೇಕು. ಆದರೆ ಮದುವೆಯಿಲ್ಲದೆ ಎರಡು ವರ್ಷ ಬಾಳ್ವೆಯ ಸಂಬಂಧದಲ್ಲಿದ್ದವರನ್ನೂ ಆ ದೇಶ ಸಂಗಾತಿ ಎಂದು ಒಪ್ಪುತ್ತದೆ. ಭಾರತದಲ್ಲಿ ಅಂಥ ವೀಸಾ ಇಲ್ಲ. ಒಂದೇ ಲಿಂಗದ ಜೋಡಿಗಳಿಗೆ ವಿಶೇಷ ವಿವಾಹ ಕಾಯ್ದೆಯ ಬಾಗಿಲು ತೆರೆಯಲು 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಹೊರದೇಶದಲ್ಲಿ ಕಾನೂನುಬದ್ಧವಾಗಿ ಮದುವೆಯಾಗಿ ಬಂದ ಅಂಥ ಜೋಡಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿದಾಗ, ಒಬ್ಬರು ಮನೆಗೆ ಮರಳಿದವರು, ಇನ್ನೊಬ್ಬರು ಪ್ರವಾಸಿ.