ಸಿಂಗಳೀಕದ ಕಾಡು, ಕಾಯ್ದೆಯ ಕಲಂ

ಚಿಂಪಾಂಜಿ ಎಂದರೆ ನಮ್ಮ ಕನ್ನಡ ಶಾಲೆಯ ಮೂರನೆಯ ಇಯತ್ತೆಯ ಬಾಲಕನೂ ಕೈಯೆತ್ತಿ ಉತ್ತರ ಹೇಳುತ್ತಾನೆ. 1960ರಲ್ಲಿ ಗೊಂಬೆ ಎಂಬ ಆಫ್ರಿಕದ ಕಾಡಿಗೆ ಹೋಗಿ ಚಿಂಪಾಂಜಿಗಳ ನಡುವೆ ವರ್ಷಗಟ್ಟಲೆ ಕುಳಿತ ಜೇನ್ ಗುಡಾಲ್ ಅವರ ಹೆಸರನ್ನೂ ಕೆಲವು ಮಕ್ಕಳು ಬಲ್ಲರು. ಆದರೆ ನಮ್ಮದೇ ಸಹ್ಯಾದ್ರಿಯಲ್ಲಿ, ಜಗತ್ತಿನ ಬೇರೆ ಯಾವ ಕಾಡಿನಲ್ಲಿಯೂ ಸಿಗದ ಒಂದು ವಾನರವಿದೆ; ಅದರ ಹೆಸರು ಕೇಳಿದರೆ ಪಾಲಕರೂ ಮೌನವಾಗುತ್ತಾರೆ. ಅದು ಸಿಂಗಳೀಕ.

ಮೈಯೆಲ್ಲ ಕಪ್ಪು, ಮುಖದ ಸುತ್ತ ಬೂದುಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹದ ಬಾಲಕ್ಕಿರುವಂಥ ಕುಚ್ಚು. ಕರ್ನಾಟಕ, ಕೇರಳ, ತಮಿಳುನಾಡುಗಳ ಪಶ್ಚಿಮಘಟ್ಟದಲ್ಲಿ ಮಾತ್ರ ಇದರ ವಾಸ. ಕಾಡಿನಲ್ಲಿ ಉಳಿದಿರುವ ಒಟ್ಟು ಸಂಖ್ಯೆ 4000ದ ಆಸುಪಾಸು ಎಂದು ತಜ್ಞರು ಅಂದಾಜಿಸುತ್ತಾರೆ. ನಮ್ಮ ರಾಧಾನಗರಿ, ದಾಜೀಪುರದ ಕಾಡಿನಲ್ಲಿ ಗವೆಯುಂಟು, ಮುಸುವವುಂಟು, ಸಿಂಗಳೀಕವಿಲ್ಲ. ಅದರ ಉತ್ತರದ ಗಡಿ ಉತ್ತರಕನ್ನಡ ಜಿಲ್ಲೆಯ ಅಘನಾಶಿನಿ ಕಣಿವೆ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಎಚ್. ಎನ್. ಕುಮಾರ ಅವರು ಈ ಶತಮಾನದ ಆರಂಭದಲ್ಲಿ ಶಿರಸಿ–ಹೊನ್ನಾವರದ ಕಾಡುಗಳನ್ನು ಸುತ್ತಿ ಎಣಿಸಿದಾಗ ಅಲ್ಲಿ ಮೂವತ್ತಕ್ಕೂ ಹೆಚ್ಚು ಗುಂಪುಗಳು, 600ಕ್ಕೂ ಮೀರಿದ ಸಿಂಗಳೀಕಗಳು ಇದ್ದುದು ತಿಳಿದುಬಂತು. ಒಂದೇ ನೆಲೆಯಲ್ಲಿ ಇಷ್ಟು ದೊಡ್ಡ ಸಂಖ್ಯೆ ಬೇರೆಡೆ ಅಪರೂಪ.

ಈ ಪ್ರಾಣಿಯ ಬಾಳುವೆಯ ಕ್ರಮವನ್ನು ಅರಿತರೆ ಅದರ ಆಪತ್ತೂ ಅರ್ಥವಾಗುತ್ತದೆ. ನಮ್ಮ ಗುಡಿಗಳ ಮುಂದೆ ಶೇಂಗಾ ಕಸಿಯುವ ಕೋತಿಯಂತೆ ಅದು ನೆಲದ ಜೀವಿಯಲ್ಲ. ಹುಟ್ಟಿನಿಂದ ಸಾವಿನವರೆಗೆ ಬಹುಪಾಲು ಮರದ ಮೇಲೆಯೇ. ಕೊಂಬೆಯಿಂದ ಕೊಂಬೆಗೆ ಮೇಲ್ಚಾವಣಿಯೇ ಅದರ ಹೆದ್ದಾರಿ. ಹತ್ತಿಪ್ಪತ್ತು ಪ್ರಾಣಿಗಳ ಒಂದು ಗುಂಪಿಗೆ ಕೆಲವು ಚದರ ಕಿಲೋಮೀಟರ್ ನಿತ್ಯಹರಿದ್ವರ್ಣದ ಕಾಡು ಬೇಕು. ಏಕೆಂದರೆ ಹಣ್ಣು ಎಲ್ಲ ಮರದಲ್ಲಿ ಒಮ್ಮೆಗೇ ಆಗುವುದಿಲ್ಲ, ಒಂದು ಮಾಸದಲ್ಲಿ ಒಂದು ಮರ, ಇನ್ನೊಂದರಲ್ಲಿ ಇನ್ನೊಂದು. ಹೆಣ್ಣು ತಾಯಾಗುವುದು ಆರೇಳು ವರ್ಷಕ್ಕೆ. ಒಂದು ಮರಿಯಾದ ಮೇಲೆ ಮತ್ತೊಂದಕ್ಕೆ ಎರಡೂವರೆ ವರ್ಷದಷ್ಟು ಅಂತರ. ಆದ್ದರಿಂದ ಕಳೆದುಕೊಂಡ ಸಂಖ್ಯೆಯನ್ನು ಅದು ಬೇಗನೆ ತುಂಬಿಕೊಳ್ಳಲಾರದು. ನಡುವೆ ಹತ್ತು ಹನ್ನೆರಡು ಮೀಟರ್ ಅಗಲದ ದಾರಿ ಬಿದ್ದು ಎರಡೂ ಬದಿಯ ಕೊಂಬೆಗಳು ಕೂಡದಂತಾದರೆ, ನಮ್ಮ ಕಣ್ಣಿಗೆ ಕಾಡು ಹಾಗೆಯೇ ಕಾಣುತ್ತದೆ; ಸಿಂಗಳೀಕಕ್ಕೆ ಅದು ಎರಡು ದೇಶವಾಗುತ್ತದೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾ ತೋಟಗಳ ನಡುವೆ ಸಿಕ್ಕಿಬಿದ್ದ ಗುಂಪುಗಳು ರಸ್ತೆಗಿಳಿದು ವಾಹನಕ್ಕೆ ಬಲಿಯಾಗತೊಡಗಿದಾಗ ಅಲ್ಲಿ ಮರದಿಂದ ಮರಕ್ಕೆ ತೂಗುಸೇತುವೆಗಳನ್ನು ಕಟ್ಟಬೇಕಾಯಿತು.

ಅಘನಾಶಿನಿ, ಶರಾವತಿಗಳ ನಡುವಿನ ಕಾಡುಗಳಿಗೆ ಅಲ್ಲಿಯವರು ‘ಕಾನು’ ಎನ್ನುತ್ತಾರೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನು ಹೆಸರಿಗೆ ತಕ್ಕಂತೆ ಹಗಲಲ್ಲೂ ಮಬ್ಬು. ಅಲ್ಲಿ ರಾಮಪತ್ರೆಯ ಜೌಗುಗಳಿವೆ: ನೀರಿನಲ್ಲಿಯೇ ನಿಂತ ಮರಗಳು, ಉಸಿರಾಟಕ್ಕೆಂದು ಮೊಣಕಾಲಿನಂತೆ ಮೇಲೆದ್ದ ಬೇರುಗಳು. ಅಲ್ಲಿ ಸಿಕ್ಕ ಒಂದು ಮರಕ್ಕೆ ಸಸ್ಯಶಾಸ್ತ್ರಜ್ಞರು ಆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಉಪ್ಪಾಗೆಯೂ ಅಲ್ಲಿನದೇ, ನಮ್ಮ ಅಡುಗೆಮನೆಯ ಆಮಸೂಲಿನ ಕುಲದ ಮರ. ಅದರ ಹಣ್ಣು ಸಿಂಗಳೀಕಕ್ಕೂ ಬೇಕು, ಸಿಪ್ಪೆಯನ್ನು ಒಣಗಿಸಿ ಮಾರುವ ಬಡ ಕುಟುಂಬಕ್ಕೂ ಬೇಕು. ಕಾಡಿನವರನ್ನು ಹೊರಗಟ್ಟಿ ಪ್ರಾಣಿಯನ್ನು ಉಳಿಸುವೆವೆಂಬ ಮಾತು ಇಲ್ಲಿ ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ.

ಕಾಯ್ದೆ ಇದಕ್ಕೊಂದು ನಡುದಾರಿ ಮಾಡಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿಯಿಂದ 36–ಎ ಎಂಬ ಕಲಂ ಸೇರಿತು. ಅದರಂತೆ ಸರ್ಕಾರ ಸ್ಥಳೀಯ ಜನರೊಡನೆ ಸಮಾಲೋಚಿಸಿ ಸರ್ಕಾರಿ ಭೂಮಿಯನ್ನು ‘ಸಂರಕ್ಷಣಾ ಮೀಸಲು’ ಎಂದು ಘೋಷಿಸಬಹುದು. 36–ಬಿ ಪ್ರಕಾರ ಅದರ ನಿರ್ವಹಣಾ ಸಮಿತಿಯಲ್ಲಿ ಅರಣ್ಯಾಧಿಕಾರಿಯ ಜೊತೆಗೆ ಆ ವ್ಯಾಪ್ತಿಯ ಪ್ರತಿಯೊಂದು ಗ್ರಾಮ ಪಂಚಾಯತಿಯ ಪ್ರತಿನಿಧಿಗೂ ಸ್ಥಾನವಿದೆ. 2011ರಲ್ಲಿ ಸುಮಾರು 300 ಚದರ ಕಿಲೋಮೀಟರಿನ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಹೀಗೆಯೇ ಹುಟ್ಟಿತು. 2019ರಲ್ಲಿ ಅದನ್ನೂ ಶರಾವತಿ ಕಣಿವೆಯ ಹಳೆಯ ಅಭಯಾರಣ್ಯವನ್ನೂ, ನಡುವಿನ ಕೆಲವು ಮೀಸಲು ಅರಣ್ಯಗಳನ್ನೂ ಕೂಡಿಸಿ 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವೆಂದು ಹೆಸರಿಸಲಾಯಿತು.

ಮೀಸಲು, ಅಭಯಾರಣ್ಯ ಎರಡೂ ಒಂದೇ ಎಂದು ಸಾಮಾನ್ಯರು ತಿಳಿಯುವುದು ಸಹಜ. ಕಾಯ್ದೆಯ ಕಣ್ಣಿಗೆ ಅವು ಬೇರೆ. ಅಭಯಾರಣ್ಯಕ್ಕೆ 29ನೆಯ ಕಲಂ ಅನ್ವಯಿಸುತ್ತದೆ: ವನ್ಯಜೀವಿಯ ನೆಲೆಯನ್ನು ಕೆಡಿಸುವ, ನೀರಿನ ಹರಿವನ್ನು ತಿರುಗಿಸುವ ಕೆಲಸಕ್ಕೆ ಪರವಾನಿಗೆ ಕೊಡಬೇಕಾದರೆ, ಆ ಕೆಲಸ ಅಲ್ಲಿನ ವನ್ಯಜೀವಿಗಳ ಏಳಿಗೆಗೂ ಉತ್ತಮ ನಿರ್ವಹಣೆಗೂ ಅವಶ್ಯವೆಂದು ಸರ್ಕಾರಕ್ಕೆ ಮನವರಿಕೆಯಾಗಬೇಕು. ದೇಶಕ್ಕೆ ಅವಶ್ಯ, ನಾಡಿಗೆ ಲಾಭ ಎಂಬ ಕಾರಣಗಳು ಆ ಕಲಮಿನಲ್ಲಿಲ್ಲ. ಸಂರಕ್ಷಣಾ ಮೀಸಲಿಗೆ ಅನ್ವಯಿಸುವ ಕಲಮುಗಳನ್ನು 36–ಎ ಎಣಿಸಿ ಹೇಳುತ್ತದೆ. ಅವುಗಳಲ್ಲಿ 29 ಇಲ್ಲ.

ಈ ಕಲಮಿಗೆ ಈಗ ಶರಾವತಿಯಲ್ಲಿಯೇ ಪರೀಕ್ಷೆ ಬಂದಿದೆ. ತಳಕಳಲೆ ಜಲಾಶಯ ಮೇಲೆ, ಗೇರುಸೊಪ್ಪೆ ಜಲಾಶಯ ಕೆಳಗೆ. ನಡುವೆ ಸುರಂಗ ಕೊರೆದು, ವಿದ್ಯುತ್ ಹೆಚ್ಚಾಗಿರುವಾಗ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಕೆಳಗೆ ಬಿಟ್ಟು 2000 ಮೆಗಾವಾಟ್ ಪಡೆಯುವುದು ಕರ್ನಾಟಕ ವಿದ್ಯುತ್ ನಿಗಮದ ಯೋಜನೆ. 2025ರಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಇದಕ್ಕೆ ತಾತ್ವಿಕ ಒಪ್ಪಿಗೆ ಕೊಟ್ಟಿತು. ತಾತ್ವಿಕ ಒಪ್ಪಿಗೆ ಅಂತಿಮ ಆದೇಶವಲ್ಲ. ಅರಣ್ಯ ಮತ್ತು ಪರಿಸರ ಕಾಯ್ದೆಗಳ ಅನುಮತಿಗಳು ಬೇರೆಯೇ. ಯೋಜನೆಯ ಪರವಾಗಿ ಹೇಳುವ ಮಾತನ್ನು ತಳ್ಳಿಹಾಕಲಾಗದು. ಸೂರ್ಯಶಕ್ತಿ ಹಗಲಿಗೆ ಮಾತ್ರ, ದೀಪ ಬೇಕಾದದ್ದು ರಾತ್ರಿಗೆ. ಹೊಸ ಅಣೆಕಟ್ಟು ಬೇಡ, ಹೊಸ ಮುಳುಗಡೆಯಿಲ್ಲ, ವಿದ್ಯುದಾಗಾರ ನೆಲದೊಳಗೆ. ಆದರೆ ನೀರನ್ನೆತ್ತಲು ಬೇಕಾಗುವ ವಿದ್ಯುತ್ತು ಮರಳಿ ಬರುವುದಕ್ಕಿಂತ ಹೆಚ್ಚು ಎಂಬುದೂ ನಿಜ. ಸುರಂಗದ ಬಾಯಿಗೆ ರಸ್ತೆ ಬೇಕು, ತೆಗೆದ ಕಲ್ಲುಮಣ್ಣಿಗೆ ಜಾಗ ಬೇಕು, ತಂತಿಗೆ ದಾರಿ ಬೇಕು. ಪ್ರಸ್ತಾವನೆಯಲ್ಲಿದ್ದ ಅರಣ್ಯ ಸುಮಾರು 54 ಹೆಕ್ಟೇರ್. ಕಡಿಯಬೇಕಾದ ಮರಗಳು 15 ಸಾವಿರಕ್ಕೂ ಹೆಚ್ಚು. 930 ಚದರ ಕಿಲೋಮೀಟರಿನಲ್ಲಿ ಇದು ಎಷ್ಟರದು ಎಂದು ವಾದಿಸುವವರುಂಟು. ಕೊಂಬೆಯ ದಾರಿಯನ್ನೇ ನಂಬಿದ ಪ್ರಾಣಿಗೆ ಹೆಕ್ಟೇರಿನ ಲೆಕ್ಕ ಅನ್ವಯಿಸದು; ಮರ ಎಲ್ಲಿ ಬಿತ್ತು ಎಂಬುದೇ ಮುಖ್ಯ. ಇದರಿಂದ ಸಿಂಗಳೀಕದ ಏಳಿಗೆ ಹೇಗಾದೀತೆಂಬುದಕ್ಕೆ 29ನೆಯ ಕಲಮಿನ ಮುಂದೆ ಒಪ್ಪುವಂಥ ಉತ್ತರವನ್ನು ನಾನಂತೂ ಕಂಡಿಲ್ಲ.

ನ್ಯಾಯಾಲಯವೇ ಕಾಪಾಡೀತೆಂದು ಕೂರುವುದೂ ಸರಿಯಲ್ಲ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪುಳ ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯ ವಿರುದ್ಧ ಹೂಡಿದ ರಿಟ್ ಅರ್ಜಿಯನ್ನು ಅಲ್ಲಿನ ಉಚ್ಚ ನ್ಯಾಯಾಲಯ 1980ರ ಜನವರಿಯಲ್ಲಿ ವಜಾಗೊಳಿಸಿತು. ನೀತಿಯನ್ನು ನಿರ್ಧರಿಸುವುದು ಸರ್ಕಾರದ ಕೆಲಸವೆಂಬುದು ಅದರ ನಿಲುವು. ಕಾನೂನಿನ ದಾರಿ ಮುಚ್ಚಿದ ಮೇಲೂ ಶಾಲಾ ಶಿಕ್ಷಕರು, ಕವಿಗಳು, ಶಾಸ್ತ್ರಸಾಹಿತ್ಯ ಪರಿಷತ್ತಿನ ಕಾರ್ಯಕರ್ತರು ಬಿಡಲಿಲ್ಲ. ಎಂ. ಜಿ. ಕೆ. ಮೆನನ್ ಸಮಿತಿ ಮರುಪರಿಶೀಲಿಸಿತು, ಇಂದಿರಾ ಗಾಂಧಿಯವರ ಕಾಲದಲ್ಲಿ ಯೋಜನೆ ನಿಂತಿತು, 1985ರಲ್ಲಿ ರಾಜೀವ್ ಗಾಂಧಿಯವರು ಅದನ್ನು ರಾಷ್ಟ್ರೀಯ ಉದ್ಯಾನವಾಗಿ ಉದ್ಘಾಟಿಸಿದರು. ಆ ಚಳವಳಿಯ ಗುರುತಾಗಿದ್ದುದು ಇದೇ ಸಿಂಗಳೀಕ.

ಕೃಷ್ಣಾ–ಪಂಚಗಂಗೆಯರ ಸಂಗಮದ ಬಯಲಲ್ಲಿರುವ ಕುರುಂದವಾಡದವರಿಗೆ ಇದೇಕೆ ಎಂದು ಕೇಳಬಹುದು. ನಮ್ಮ ಕೊಲ್ಲಾಪುರ ಜಿಲ್ಲೆಯ ಪಶ್ಚಿಮದಂಚಿನಲ್ಲಿಯೂ ವಿಶಾಳಗಡ, ಗಗನಬಾವಡಾ, ಆಜರಾ–ಭುದರಗಡ, ಚಂದಗಡ ಎಂಬ ಸಂರಕ್ಷಣಾ ಮೀಸಲುಗಳು 2020–21ರಿಂದೀಚೆ ಬಂದಿವೆ. ಗಡಹಿಂಗ್ಲಜದವರಿಗೆ ಆಜರಾ, ಚಂದಗಡಗಳು ನೆರೆಯ ತಾಲೂಕುಗಳು. ಇವು ಅಭಯಾರಣ್ಯಗಳಲ್ಲ, 36–ಎ ಕಲಮಿನ ಮೀಸಲುಗಳು. ಮೇಲೆ ಹೇಳಿದ 29ನೆಯ ಕಲಮಿನ ತಡೆ ಇವುಗಳಿಗಿಲ್ಲ. ಅದೇ ಭುದರಗಡ ತಾಲೂಕಿನ ಪಾಟಗಾಂವದಲ್ಲಿ, ಜೇನಿನ ಗ್ರಾಮವೆಂದು ಮಹಾರಾಷ್ಟ್ರ ಸರ್ಕಾರವೇ ಮನ್ನಿಸಿದ ಊರಿನಲ್ಲಿ, ವೇದಗಂಗೆಯ ಜಲಾಶಯವನ್ನು ಬಳಸಿ 2100 ಮೆಗಾವಾಟಿನ, ಶರಾವತಿಯಂಥದೇ ಯೋಜನೆಯ ಪ್ರಸ್ತಾವನೆಯಿದೆ. ವೇದಗಂಗೆ ನಿಪ್ಪಾಣಿಯ ಕಡೆ ಹರಿದು ದೂಧಗಂಗೆಯನ್ನು ಕೂಡಿ ಕೃಷ್ಣೆಗೆ ಬರುತ್ತಾಳೆ.

ಇಂಥ ಯೋಜನೆಗಳಿಗೆ 2006ರ ಪರಿಸರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಪ್ರಕಟಣೆಗೂ ಸಭೆಗೂ ನಡುವೆ ಕನಿಷ್ಠ 30 ದಿನಗಳಿರಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅವರ ಹಿರಿಯ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮ್ಮ ಮಕ್ಕಳಿಗೆ ಆ ಸಾರಾಂಶವನ್ನು ಓದಿ ಹಿರಿಯರಿಗೆ ಹೇಳುವುದು ಕಷ್ಟವಲ್ಲ. ಸಭೆಯಲ್ಲಿ ಎದ್ದ ಮಾತುಗಳ ಸಾರವನ್ನು ಬರೆದು, ಸಭೆ ಮುಗಿಯುವ ಮುನ್ನ ಅಲ್ಲಿಯೇ ಎಲ್ಲರಿಗೂ ಜನರ ಭಾಷೆಯಲ್ಲಿ ಓದಿ ಹೇಳಬೇಕೆಂದೂ ಅಧಿಸೂಚನೆ ವಿಧಿಸಿದೆ. ಆ ಓದು ಮುಗಿಯುವವರೆಗೆ ಯಾರೂ ಎದ್ದು ಹೋಗಬಾರದು. ಬಿಟ್ಟುಹೋದ ಆಕ್ಷೇಪವಿದ್ದರೆ ಅಲ್ಲಿಯೇ ಸೇರಿಸುವಂತೆ ಕೇಳಬೇಕು.