ಅಜ್ಜಿಯ ಹೆಸರಿಗೊಂದು ವಿಚಾರಣೆ

ಐದನೇ ಸೆಮಿಸ್ಟರ್‌ನಲ್ಲಿ ಓದಿದ ಐಪಿಆರ್ ವಿಷಯ ಇಷ್ಟು ಬೇಗ ಮನೆಯಲ್ಲೇ ಕೆಲಸಕ್ಕೆ ಬರುತ್ತದೆಂದು ಅಂದುಕೊಂಡಿರಲಿಲ್ಲ. ಅವ್ವ ಹತ್ತು ವರ್ಷಗಳಿಂದ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಮಾಡಿ ಮಾರುತ್ತಾಳೆ. ಪೊಟ್ಟಣದ ಮೇಲೆ ಅಜ್ಜಿಯ ಹೆಸರು, ಪಕ್ಕದಲ್ಲಿ ಒಳಕಲ್ಲಿನ ಚಿತ್ರ. ನನ್ನ ಕಾಲೇಜು ಫೀಸು ಬರುವುದೂ ಅದರಿಂದಲೇ. ಅದೇ ಹೆಸರಿನಲ್ಲಿ ಬೇರೆಯವರ ಪೊಟ್ಟಣ ಮಾರುಕಟ್ಟೆಗೆ ಬಂದಾಗ ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿದೆವು.

ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ ಶುಲ್ಕ 4,500 ರೂಪಾಯಿ. ಸರಕು ಮತ್ತು ಸೇವೆಗಳಿಗೆ ಒಟ್ಟು 45 ವರ್ಗಗಳಿವೆ. ಮಸಾಲೆ, ಚಟ್ನಿ ಬರುವುದು 30ನೇ ವರ್ಗದಲ್ಲಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ.

ಕೆಲ ತಿಂಗಳ ಬಳಿಕ ಪರೀಕ್ಷಾ ವರದಿ ಬಂತು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಆಕ್ಷೇಪ: ಇದೇ ವರ್ಗದಲ್ಲಿ ಇದನ್ನು ಹೋಲುವ ಎರಡು ಹೆಸರುಗಳು ಈಗಾಗಲೇ ನೋಂದಣಿಯಾಗಿವೆ. ಉತ್ತರಕ್ಕೆ 30 ದಿನ ಗಡುವು. ಉತ್ತರ ಕೊಟ್ಟ ಮೇಲೂ ವಿಚಾರಣೆಗೆ ನೋಟಿಸ್ ಬಂತು.

ಅವ್ವನ ಪರವಾಗಿ ನಾನೇ ಮಾತಾಡೋಣವೆಂದರೆ ಕಾಯ್ದೆ ಬಿಡಲಿಲ್ಲ. ಅರ್ಜಿದಾರರು ತಾವೇ ಹಾಜರಾಗಬೇಕು. ಇಲ್ಲವೇ ವಕೀಲರು, ನೋಂದಾಯಿತ ಟ್ರೇಡ್‌ಮಾರ್ಕ್ ಏಜೆಂಟ್ ಅಥವಾ ಅರ್ಜಿದಾರರ ಕಾಯಂ ನೌಕರ. ಮಗ ಎಂಬುದು ಆ ಪಟ್ಟಿಯಲ್ಲಿಲ್ಲ. ‘ಪುಡಿ ಕುಟ್ಟಾಕಿ ನಾನು, ಮಾತಾಡಾಕಿನೂ ನಾನ’ ಎಂದಳು ಅವ್ವ.

ಒಂದು ವಾರ ತಯಾರಿ ನಡೆಸಿದೆವು. ಆಕ್ಷೇಪದಲ್ಲಿದ್ದ ಎರಡೂ ಹೆಸರುಗಳ ವಿವರವನ್ನು ರಿಜಿಸ್ಟ್ರಿಯ ವೆಬ್‌ಸೈಟಿನಿಂದ ತೆಗೆದೆ. ಒಂದು ಚಹಾ, ಇನ್ನೊಂದು ಬಿಸ್ಕತ್ತು. ವರ್ಗ ಒಂದೇ, ಸರಕು ಬೇರೆ. ಹೆಸರಿನ ಒಂದು ಪದ ಮಾತ್ರ ಹೋಲುತ್ತಿತ್ತು. ಆದರೆ ಗುರುತನ್ನು ತುಂಡು ಮಾಡದೆ ಇಡಿಯಾಗಿ ನೋಡಬೇಕೆಂಬುದು ನ್ಯಾಯಾಲಯಗಳು ಒಪ್ಪಿದ ತತ್ವ. ಹಳೆಯ ಬಿಲ್ಲುಗಳು, ಲೇಬಲ್ ಮುದ್ರಿಸಿದ ಪ್ರೆಸ್ಸಿನ ರಸೀದಿಗಳು, ಮೇಳದ ಫೋಟೊಗಳನ್ನು ವರ್ಷವಾರು ಜೋಡಿಸಿದೆ. ಎಂದಿನಿಂದ ಈ ಹೆಸರು ಬಳಸುತ್ತಿದ್ದೇವೆಂಬ ಅಫಿಡವಿಟ್ಟನ್ನು ಅರ್ಜಿಯ ಜೊತೆಗೇ ಕೊಟ್ಟಿದ್ದೆವು.

ವಿಚಾರಣೆ ನಡೆದದ್ದು ವಿಡಿಯೊ ಕಾನ್ಫರೆನ್ಸ್‌ನಲ್ಲಿ. ಅಧಿಕಾರಿ ಕೇಳಿದ್ದು ಮೂರು ಪ್ರಶ್ನೆ: ಏನು ಮಾರುತ್ತೀರಿ, ಎಂದಿನಿಂದ, ಆ ಎರಡು ಹೆಸರುಗಳಿಗಿಂತ ನಿಮ್ಮದು ಹೇಗೆ ಬೇರೆ? ಅವ್ವ ಸಂತೆ, ಮೇಳಗಳಲ್ಲಿ ಕಲಿತ ಹಿಂದಿಯಲ್ಲೇ ಉತ್ತರಿಸಿ, ಪೊಟ್ಟಣವನ್ನು ಕ್ಯಾಮೆರಾ ಮುಂದೆ ಹಿಡಿದಳು. ಹತ್ತು ನಿಮಿಷವೂ ಆಗಲಿಲ್ಲ. ಕೆಲ ದಿನಗಳ ನಂತರ ಅರ್ಜಿ ಅಂಗೀಕಾರವಾಗಿದೆ ಎಂಬ ಆದೇಶ ಬಂತು.

ಸ್ಟಾರ್ಟಪ್ ಕನಸಿರುವ ಗೆಳೆಯರಿಗೆ ಎರಡು ಮಾತು. ಹೆಸರಿಡುವ ಮೊದಲೇ ರಿಜಿಸ್ಟ್ರಿಯಲ್ಲಿ ಹುಡುಕಿ ನೋಡಿ, ಅದು ಉಚಿತ. ‘ಶುದ್ಧ’, ‘ತಾಜಾ’ದಂಥ ಬರೀ ಗುಣ ಹೇಳುವ ಪದಗಳಿಗೆ 9ನೇ ಸೆಕ್ಷನ್ ಅಡ್ಡ ಬರುತ್ತದೆ. ಮೊದಲ ದಿನದಿಂದಲೇ ಬಿಲ್ಲುಗಳನ್ನು ಜೋಪಾನವಾಗಿಡಿ.

ನಮ್ಮದಿನ್ನೂ ಮುಗಿದಿಲ್ಲ. ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ವಿರೋಧಿಸಬಹುದು. ನೋಂದಣಿಯಾದರೆ ಹತ್ತು ವರ್ಷ ಹೆಸರು ನಮ್ಮದು, ಆಮೇಲೆ ನವೀಕರಣ. ಅಲ್ಲಿವರೆಗೆ ಪೊಟ್ಟಣದ ಮೇಲೆ ‘ಟಿಎಂ’ ಅಷ್ಟೇ. ವೃತ್ತದೊಳಗಿನ ‘ಆರ್’ ಹಾಕುವಂತಿಲ್ಲ.